ಸೋಮವಾರ, ಗುರುವಾರದ ಸೋರಿಕೆ

ಕೊಟ್ರೇಶ ಸ್ಕೂಟರಿಗೆ ಸ್ಟ್ಯಾಂಡು ಹಾಕಿ, ಹೆಲ್ಮೆಟ್ಟು ತೆಗೆದು, ಮುನಾಫನ ಚಹಾದಂಗಡಿಯ ಬೆಂಚಿನ ಮೇಲೆ ಇನ್ನೂ ಸರಿಯಾಗಿ ಕೂತಿರಲಿಲ್ಲ. ರಸ್ತೆಯ ಆಚೆಗಿದ್ದ ಗ್ಯಾರೇಜಿನಿಂದ ಹುಡುಗಿಯೊಬ್ಬಳು ಓಡಿ ಬಂದಳು. ಅವನ ಕಡೆ ಕಣ್ಣೆತ್ತಿಯೂ ನೋಡದೆ ಸ್ಟ್ಯಾಂಡನ್ನು ಕಾಲಿನಿಂದ ಒದ್ದು ತೆಗೆದು, ಹ್ಯಾಂಡಲ್ ಹಿಡಿದು, ಸ್ಕೂಟರನ್ನು ನೂಕಿಕೊಂಡು ಹೊರಟೇಬಿಟ್ಟಳು.

“ಏ! ಏನ್ ಮಾಡಾಕತ್ತೀರಿ? ನನ್ನ ಗಾಡಿ ಐತ್ರೀ ಅದು!”

ಅವಳು ತಿರುಗಲಿಲ್ಲ. ಕೂಗಿದ್ದು ಅಂಗಡಿಯವನಿಗೆ. “ಮುನಾಫಣ್ಣಾ, ಒಲಿ ಆರಸು! ಲಗೂ!”

ಮುನಾಫ ಯಾಕೆ ಎಂದು ಕೇಳಲಿಲ್ಲ. ಗ್ಯಾಸಿನ ಗುಂಡಿ ತಿರುವಿದ. ಬಾಣಲೆಯಲ್ಲಿ ಅರೆಬೆಂದ ಮಿರ್ಚಿಗಳು ಸದ್ದಡಗಿ ಸುಮ್ಮನೆ ತೇಲತೊಡಗಿದವು.

ಅವತ್ತು ಸೋಮವಾರ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ದಿನ. ರಸ್ತೆ ತುಂಬ ಚೀಲ ಹೇರಿದ ಟ್ರ್ಯಾಕ್ಟರುಗಳು. ಅವುಗಳ ನಡುವೆ ನುಸುಳಿ ಆಚೆ ದಾಟುವಷ್ಟರಲ್ಲಿ ಕೊಟ್ರೇಶನ ಸಿಟ್ಟು ನೆತ್ತಿಗೇರಿತ್ತು.

“ಹಾಡಹಗಲ ಮಂದಿ ಗಾಡಿ ಎತ್ಕೊಂಡು ಹೊಂಟೀರಲ್ಲ, ಏನ್ರೀ ಇದು?”

“ಕದ್ಕೊಂಡು ಹೋಗುವಂಥಾ ಗಾಡಿ ಏನ್ರೀ ಇದು?” ಅವಳು ಸ್ಕೂಟರನ್ನು ಬಯಲಲ್ಲಿ ನಿಲ್ಲಿಸಿ, ಬಗ್ಗಿ, ಕೆಳಗೆ ಬೆರಳು ತೋರಿಸಿದಳು. ಎಂಜಿನ್ನಿನ ಹೊಟ್ಟೆಯಿಂದ ಒಂದು ಹನಿ ಮಣ್ಣಿಗೆ ಬಿತ್ತು. ಅದರ ಹಿಂದೆ ಇನ್ನೊಂದು. “ಪೆಟ್ರೋಲ್. ಕುದಿಯೋ ಎಣ್ಣಿಯಿಂದ ಮೂರ ಹೆಜ್ಜಿ ದೂರ ತಂದು ನಿಂದ್ರಿಸೀರಿ. ನನಗ ರಸ್ತೆ ಆಚಿಂದ ವಾಸನಿ ಬಡೀತು. ಇದರ ಮ್ಯಾಲ ಕುಂತು ಬಂದ ನಿಮಗ ಮೂಗು ಇರಲಿಲ್ಲೇನು?”

ಕೊಟ್ರೇಶನ ಸಿಟ್ಟು ಅಲ್ಲೇ ಉಳಿದು, ಮುಖದ ಬಣ್ಣ ಮಾತ್ರ ಇಳಿಯಿತು.

“ನೆಗಡಿ ಆಗೈತ್ರಿ,” ಎಂದ.

ಮೂರು ವರ್ಷದಿಂದ ಹೇಳಿ ಹೇಳಿ ರೂಢಿಯಾದ ಸುಳ್ಳು ಅದು.

ಅವಳು ಅವನನ್ನು ಆಗ ಮೊದಲ ಸಲ ಸರಿಯಾಗಿ ನೋಡಿದಳು. ಇಪ್ಪತ್ತೆಂಟರ ಸುಮಾರು ಇರಬೇಕು. ಚೂಡಿದಾರದ ಮೇಲೆ ನೀಲಿ ಕೋಟು, ತಲೆಗೆ ಹಳೆಯ ಬಟ್ಟೆ, ಮೊಣಕೈವರೆಗೆ ಗ್ರೀಸು. ಮೂಗಿನಲ್ಲಿ ಒಂದು ಕೆಂಪು ಹರಳು. ಆ ಹರಳಿನ ಪಕ್ಕದ ಹೊಳ್ಳೆ ಸಣ್ಣಗೆ ಅರಳಿ ಗಾಳಿಯನ್ನು ಎಳೆದುಕೊಂಡಿತು. ಗಾಳಿಯಲ್ಲಿ ಬರೆದದ್ದನ್ನು ಓದಿಕೊಳ್ಳುತ್ತಿದ್ದಾಳೆ ಎನಿಸಿತು ಅವನಿಗೆ.

“ಒಳಗ ತರ್ರಿ. ನೋಡೂಣು.”

ಗ್ಯಾರೇಜಿನ ಬಾಗಿಲ ಮೇಲೆ ‘ಶೈಲಶ್ರೀ ಟೂ ವೀಲರ್ ರಿಪೇರಿ’ ಎಂದು ಬರೆದಿತ್ತು. ಹೊಸ್ತಿಲಲ್ಲಿ ಮುದುಕಿಯೊಬ್ಬಳು ಮೊರದ ತುಂಬ ಮೆಣಸಿನಕಾಯಿ ಇಟ್ಟುಕೊಂಡು ತೊಟ್ಟು ಬಿಡಿಸುತ್ತಿದ್ದಳು. ಶೈಲಶ್ರೀಯ ಅಜ್ಜಿ, ಗದಿಗೆವ್ವ.

“ಯಾರ ಪೈಕಿಯಪಾ ನೀನು?”

“ಗುತ್ತಲದಾಂವ ಅಜ್ಜಿ. ಹಾವೇರ್ಯಾಗ ರೂಮ್ ಮಾಡೇನಿ. ಶೇಖಪ್ಪ ಸಾವ್ಕಾರ್ರ ಅಂಗಡ್ಯಾಗ ಕೆಲಸ.”

“ಮೆಣಸಿನಕಾಯಿ ಪರೀಕ್ಷೆ ಮಾಡೋ ಕೊಟ್ರೇಶ ನೀನ ಏನು?” ಮುದುಕಿಯ ಕಣ್ಣು ಅಗಲವಾದವು. “ನಿನ್ನ ಹೆಸರು ಭಾಳ ಕೇಳೇನಿ.”

ಕೊಟ್ರೇಶ ನೆಲ ನೋಡಿದ.

ಶೈಲಶ್ರೀ ಆಗಲೇ ಸೀಟು ಬಿಚ್ಚಿ, ಬದಿಯ ಹೊದಿಕೆಗಳನ್ನು ತೆಗೆದು ಗೋಡೆಗೆ ಒರಗಿಸಿದ್ದಳು. ಅವಸರವಿಲ್ಲ, ಒಂದು ಚಲನೆಯೂ ವ್ಯರ್ಥವಲ್ಲ. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ತಟ್ಟೆಯಲ್ಲಿ, ಅದು ಸ್ಕೂಟರಿನ ಮೇಲೆ ಎಲ್ಲಿತ್ತೋ ಅದೇ ಜಾಗದ ಲೆಕ್ಕದಲ್ಲಿ ಜೋಡಿಸುತ್ತಿದ್ದಳು. ಕೊಟ್ರೇಶನಿಗೆ ಕಣ್ಣು ಕೀಳಲಾಗಲಿಲ್ಲ. ಕೈ ನೋಡಿ ಮನುಷ್ಯನ ಕೆಲಸ ಅಳೆಯುವುದು ಅವನಿಗೆ ಗೊತ್ತಿತ್ತು. ಇಂಥ ಕೈ ಅವನು ನೋಡಿರಲಿಲ್ಲ.

“ಹಿಂದ ಯಾರಿಗರ ತೋರಿಸಿದ್ರೇನು?”

“ಇಬ್ಬರಿಗೆ. ನೆಲದ ಮ್ಯಾಲ ಹನಿ ಕಂಡಿದ್ದೆ. ಇಬ್ಬರೂ ಪೈಪ್ ಬದಲಿ ಮಾಡಿದ್ರು, ಸೋರೋದು ನಿಂತೈತಿ ಅಂದ್ಕೊಂಡಿದ್ದೆ.”

“ಪೈಪ್ ಚಲೋನ ಐತಿ. ಇಲ್ನೋಡ್ರಿ, ಕಾರ್ಬೊರೇಟರ್ ತಳ ಎಲ್ಲಾ ಹಸಿ. ಒಳಗ ಪೆಟ್ರೋಲ್ ತಡಿಯೋ ಸೂಜಿ ಸವದಿರಬೇಕು. ಅದು ಮುಚ್ಚಲಿಲ್ಲ ಅಂದ್ರ ತುಂಬಿ ಹೊರಗ ಸುರೀತೈತಿ.”

ಅವಳು ಕಾರ್ಬೊರೇಟರನ್ನು ಬಿಡಿಬಿಡಿಯಾಗಿ ತೊಳೆದಳು. ಪುಟ್ಟ ಸೂಜಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದಳು. ಹೊಸದು ಹಾಕಿದಳು. ಕೈ ಒರೆಸಿದ ಪೆಟ್ರೋಲಿನ ಬಟ್ಟೆಯನ್ನು, ಮಾತಾಡುತ್ತಲೇ, ಅವನ ಭುಜದ ಹತ್ತಿರದ ಕಟ್ಟೆಯ ಮೇಲೆ ಇಟ್ಟಳು.

ಹೊಸ್ತಿಲಿನಿಂದ ಗದಿಗೆವ್ವ ಗೊಣಗಿದಳು. “ಆ ಅರಿವಿ ಆಚಿಗೆ ಒಗೀಯವಾ, ನೆತ್ತಿಗೆ ಹತ್ತೈತಿ.”

ಕೊಟ್ರೇಶ ಮಾತ್ರ ಬಟ್ಟೆಯ ಗೇಣು ದೂರದಲ್ಲಿ ಆರಾಮಾಗಿ ಕೂತು ಅವಳ ಕೈ ನೋಡುತ್ತಿದ್ದ. ಶೈಲಶ್ರೀ ಮಾತು ನಿಲ್ಲಿಸಿದಳು. ಬಟ್ಟೆಯನ್ನು ತೆಗೆದು ದೂರದ ಡಬ್ಬಿಗೆ ಹಾಕಿದಳು.

ಸ್ಕೂಟರನ್ನು ರಸ್ತೆಗೆ ತಂದು ಕೊಟ್ಟ ಮೇಲೆ ಅಜ್ಜಿಗೆ ಕೇಳದ ಹಾಗೆ ದನಿ ತಗ್ಗಿಸಿ ಕೇಳಿದಳು. “ನೆಗಡಿ ಅಲ್ಲ, ಹೌದಲ್ರಿ? ನಿಮಗ ವಾಸನೀನ ಬರಂಗಿಲ್ಲ.”

ಟ್ರ್ಯಾಕ್ಟರೊಂದು ಹಾದುಹೋಯಿತು. ಅದರ ಸದ್ದು ಮುಗಿಯುವವರೆಗೆ ಅವನಿಗೆ ಸಮಯ ಸಿಕ್ಕಿತು. ಇನ್ನೊಂದು ಸುಳ್ಳು ಹೇಳಬಹುದಿತ್ತು. ಆ ಕಣ್ಣುಗಳ ಮುಂದೆ ಬಾಯಿ ಬರಲಿಲ್ಲ.

“ಮೂರ ವರ್ಷ ಆತ್ರಿ. ಜ್ವರ ಬಂದು ಹನ್ನೆರಡ ದಿನ ಮಲಗಿದ್ದೆ. ಎದ್ದಾಗಿಂದ ಏನೂ ಇಲ್ಲ. ಅವ್ವ ಒಗ್ಗರಣಿ ಹಾಕಿದ್ರ ಸಪ್ಪಳ ಅಷ್ಟ ಕೇಳತೈತಿ.” ಅವನು ಸುತ್ತಮುತ್ತ ನೋಡಿದ. “ಮಾರ್ಕೆಟ್ಟಿನ್ಯಾಗ ಯಾರಿಗೂ ಗೊತ್ತಿಲ್ಲ. ಗೊತ್ತಾತಂದ್ರ ನನ್ನ ಕೆಲಸ ಹೋಗತೈತಿ.”

“ಮತ್ತ ಕಾಯಿ ಹೆಂಗ ನೋಡ್ತೀರಿ?”

“ಬಣ್ಣ ಕಣ್ಣಿಗೆ ಗೊತ್ತಾಗತೈತಿ. ಒಣಗೇತೋ ಇಲ್ಲೋ ಅಲಗಾಡಿಸಿದ್ರ ಬೀಜ ಹೇಳತಾವು. ಮುಗ್ಗು ಹಿಡದೈತೇನು ಅನ್ನೋದನ್ನ ಎಲ್ಲಾರೂ ಮೂಸಿ ಹೇಳ್ತಾರ. ನಾ ಒಡದು ನೋಡ್ತೇನಿ. ಒಂದೊಂದು ಚೀಲಕ್ಕ ಹತ್ತಹತ್ತು ಕಾಯಿ.”

ಅವಳ ಮುಖದಲ್ಲಿ ಕನಿಕರ ಬರುತ್ತದೆಂದು ಅವನು ಹೆದರಿದ್ದ. ಬಂದದ್ದು ಬೇರೆ. ಹುಬ್ಬು ಮೆಲ್ಲಗೆ ಮೇಲೇರಿದವು, ಕಠಿಣ ಕೆಲಸ ಮಾಡಿದವರನ್ನು ಇನ್ನೊಬ್ಬ ಕೆಲಸಗಾರ ನೋಡುವ ಹಾಗೆ.

“ನಾ ಯಾರಿಗೂ ಹೇಳಂಗಿಲ್ಲ. ಆದ್ರ ಗಾಡಿ ಮತ್ತ ಸೋರಿದ್ರ ನಿಮಗ ಗೊತ್ತಾಗಂಗಿಲ್ಲ. ಅದಕ್ಕ ದಿನಾ ಮುಂಜಾನೆ ಹೋಗ್ತ ಬರ್ತ ಇಲ್ಲಿ ಒಂದ್ ನಿಮಿಷ ನಿಂದ್ರಬೇಕು. ನಾ ಮೂಸಿ ನೋಡಿ ಕಳಸ್ತೇನಿ.”

“ದಿನಾನೂ?”

“ದಿನಾನೂ. ಯಾಕ, ತ್ರಾಸೇನು?”

ತ್ರಾಸೇನೂ ಇರಲಿಲ್ಲ.

ಹೀಗೆ ಶುರುವಾಯಿತು. ಮುಂಜಾನೆ ಒಂಬತ್ತಕ್ಕೆ ಅವನು ಗ್ಯಾರೇಜಿನ ಮುಂದೆ ನಿಲ್ಲುತ್ತಿದ್ದ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಿದ್ದಳು, ಸ್ಕೂಟರಿನ ಸುತ್ತ ಒಂದು ಸುತ್ತು ಹಾಕುತ್ತಿದ್ದಳು. ಹರಳಿನ ಪಕ್ಕದ ಹೊಳ್ಳೆ ಅರಳುತ್ತಿತ್ತು. “ಹೂಂ, ಹೋಗ್ರಿ.” ಮುಗಿಯಿತು.

ಎರಡನೆಯ ದಿನ ಅವನು ಹೋಗಲಿಲ್ಲ. ನಿಂತೇ ಇದ್ದ.

“ಮತ್ತೇನು?”

“ಇವತ್ತ ಊರು ಏನ್ ವಾಸನಿ ಐತ್ರಿ?”

ಅವಳು ಅವನನ್ನೇ ನೋಡಿದಳು, ತಮಾಷೆಯೋ ಏನೋ ಎಂದು. ತಮಾಷೆಯಲ್ಲ ಎಂದು ಗೊತ್ತಾದಾಗ ಕಣ್ಣು ಮುಚ್ಚಿದಳು. ಕೊಟ್ರೇಶನಿಗೆ ಸಿಕ್ಕ ಮೊದಲ ಸಂಪತ್ತು ಅದು: ಅವನಿಗಾಗಿ ಕಣ್ಣು ಮುಚ್ಚಿ ನಿಂತ ಅವಳ ಮುಖ.

“ಮೆಣಸಿನಕಾಯಿ ಅಂತೂ ಇದ್ದದ್ದ. ಬಿಸಿಲಿಗೆ ಕಾದ ತಗಡಿನ ಮ್ಯಾಲ ಬೆಲ್ಲ ಇಟ್ಟಂಗ ಐತಿ. ಖಾರ ಅಲ್ಲ, ಸಿಹಿ ಐತಿ ಅದರಾಗ. ಮುನಾಫಣ್ಣ ಚಹಾಕ್ಕ ಶುಂಠಿ ಜಜ್ಯಾನ. ಎಲ್ಲೋ ಸಗಣಿ ಸಾರಿಸ್ಯಾರ, ಇನ್ನೂ ಹಸಿ ಐತಿ. ಆಮ್ಯಾಲ…” ಒಂದು ಕಣ್ಣು ತೆರೆದಳು. “ನೀವು ಬಾಟಲಿಗಟ್ಟಲೆ ಕೊಬ್ಬರಿ ಎಣ್ಣಿ ಹಚ್ಕೊಂಡೀರಿ. ನಾಳಿಗೆ ಅರ್ಧ ಹಚ್ಕೊಂಡ್ ಬರ್ರಿ.”

ಅವನು ನಕ್ಕ. ಮೂರು ವರ್ಷದಲ್ಲಿ ತನ್ನ ಮೂಗಿನ ವಿಷಯಕ್ಕೆ ಅವನು ನಕ್ಕಿದ್ದು ಅದೇ ಮೊದಲು.

ಮೂರನೆಯ ದಿನ, ಗುರುವಾರ, ಅವಳು “ಹೂಂ” ಎನ್ನಲಿಲ್ಲ.

“ಸೋರಾಕತ್ತೈತಿ,” ಎಂದಳು. ದನಿಯಲ್ಲಿ ಅವಮಾನವಿತ್ತು. ಮತ್ತೆ ಬಿಚ್ಚಿದಳು, ಸೂಜಿ ನೋಡಿದಳು. ಎಲ್ಲ ಸರಿಯಿತ್ತು. ಒರೆಸಿ ಒಣಗಿಸಿ ಮಧ್ಯಾಹ್ನದವರೆಗೆ ಕಾದಳು. ಒಂದು ಹನಿಯೂ ಬೀಳಲಿಲ್ಲ. ಶುಕ್ರವಾರ ಇಲ್ಲ, ಶನಿವಾರ ಇಲ್ಲ. ಸೋಮವಾರ ಮತ್ತೆ.

ಅವತ್ತು ಅವಳು ಮೊದಲಿಗೆ ಸ್ಕೂಟರನ್ನು ಮುಟ್ಟಲಿಲ್ಲ. ಎದುರಿಗೆ ಸ್ಟೂಲು ಹಾಕಿ ಕೂತು, ಗಲ್ಲಕ್ಕೆ ಕೈಯಿಟ್ಟು, ಅದರ ಜೊತೆ ಜಗಳಾಡುವವಳ ಹಾಗೆ ದಿಟ್ಟಿಸಿದಳು. ಗಲ್ಲದ ಮೇಲೆ ಗ್ರೀಸಿನ ಮಚ್ಚೆ ಮೂಡಿತು. ಕೊಟ್ರೇಶ ಹೇಳಲಿಲ್ಲ. ಅದು ಚೆಂದ ಕಾಣುತ್ತಿತ್ತು.

“ಸೋಮವಾರ. ಗುರುವಾರ. ಸೋಮವಾರ,” ಎಂದಳು ತನ್ನಷ್ಟಕ್ಕೆ. “ಆ ದಿನ ನೀವು ಏನ್ ಬ್ಯಾರೆ ಮಾಡ್ತೀರಿ?”

“ಏನೂ ಇಲ್ಲ. ಮಾರ್ಕೆಟ್ ಇರತೈತಿ, ಅಷ್ಟ.”

“ಮನಿಯಿಂದ ಎದ್ದು ಇಲ್ಲಿಗೆ ಬರೋತನಕ ಎಲ್ಲಾ ಹೇಳ್ರಿ. ಒಂದೂ ಬಿಡಬ್ಯಾಡ್ರಿ.”

ಅವನು ಹೇಳಿದ. ಎದ್ದದ್ದು, ನಾಷ್ಟಾ, ಹಾವೇರಿ ದಾಟಿದ್ದು. “ಮೋಟೆಬೆನ್ನೂರಿನ್ಯಾಗ ಪೆಟ್ರೋಲ್ ಹಾಕಸ್ತೇನಿ. ಮಾರ್ಕೆಟ್ ಮುಗದ ಮ್ಯಾಲ ಹಳ್ಳಿ ತಿರಗೋದು ಇರತೈತಲ್ಲ, ಅದಕ್ಕ ಬಾಯಿತನಕ ತುಂಬಸ್ತೇನಿ.”

ಶೈಲಶ್ರೀ ಸ್ಟೂಲಿನಿಂದ ಎದ್ದಳು. “ಬಾಯಿತನಕ?”

“ಹೌದ್ರಿ.”

“ಅಯ್ಯ ನನ್ನ ಬುದ್ಧಿಗೆ ಬೆಂಕಿ ಹಾಕ!” ಹಣೆಗೆ ಹೊಡೆದುಕೊಂಡಳು. ಅಲ್ಲೂ ಒಂದು ಮಚ್ಚೆ ಮೂಡಿತು. “ತೂತು ಕೆಳಗ ಇಲ್ಲ, ಮ್ಯಾಲ ಐತಿ. ಟ್ಯಾಂಕ್ ತುಂಬಿದಾಗ ಅಷ್ಟ ಪೆಟ್ರೋಲ್ ಅಲ್ಲಿಗೆ ಮುಟ್ಟತೈತಿ. ಬಿಸಿಲಿಗೆ ಉಬ್ಬಿ ಹೊರಗ ಬಂದು, ಪೈಪ್ ಹಿಡದು ಇಳದು, ಕಾರ್ಬೊರೇಟರ್ ಮ್ಯಾಲ ಬೀಳತೈತಿ. ನಾ ಹಸಿ ನೋಡಿ ಅಲ್ಲೇ ತೂತು ಅಂದೆ.” ಅವನ ಕಡೆ ತಿರುಗಿ ನೇರವಾಗಿ ಹೇಳಿದಳು. “ತಪ್ಪು ನಂದು. ಎರಡ ಸಲ ಸುಮ್ಮನ ಬಿಚ್ಚಿದೆ ನಿಮ್ಮ ಗಾಡಿ.”

ಕೊಟ್ರೇಶ ಅನೇಕ ದೊಡ್ಡ ಮನುಷ್ಯರನ್ನು ನೋಡಿದ್ದ. ಇಷ್ಟು ಸಲೀಸಾಗಿ ‘ತಪ್ಪು ನಂದು’ ಎಂದವರನ್ನು ನೋಡಿರಲಿಲ್ಲ.

ಕೂಡಲೇ ಕೆಲಸ ಶುರುವಾಯಿತು. ಸ್ಕೂಟರನ್ನು ಬಯಲಿಗೆ ಎಳೆದು, ಒಂದು ಬಕೆಟ್ಟು ಮರಳು ಪಕ್ಕಕ್ಕಿಟ್ಟು, ಟ್ಯಾಂಕಿನ ಮೇಲಿನ ಹೊದಿಕೆಗಳನ್ನೆಲ್ಲ ತೆಗೆದಳು. ಟ್ಯಾಂಕನ್ನು ಒರೆಸಿ ಒಣಗಿಸಿದಳು.

“ಅಜ್ಜೀ, ನಿನ್ನ ಪೌಡರ್ ಡಬ್ಬಿ ಕೊಡು.”

“ನಾ ಹಚ್ಕೊಳ್ಳೋ ಪೌಡರ್ ಗಾಡಿಗ್ಯಾಕ ಬೇಕ?”

“ಅದನ್ನ ನೋಡಾಕ ವರ ಬರಾಕತ್ತಾನ.”

“ನಿನ್ನ ನೋಡಾಕ ಬಂದಾಗ ಒಂದ್ ದಿನರ ಹಚ್ಕೊಂಡಿ ಏನ?” ಎಂದಳು ಗದಿಗೆವ್ವ, ಆದರೆ ಡಬ್ಬಿ ಕೊಟ್ಟಳು.

ಶೈಲಶ್ರೀ ಟ್ಯಾಂಕಿನ ಮೇಲೆಲ್ಲ ತೆಳ್ಳಗೆ ಪೌಡರು ಉದುರಿಸಿದಳು. ಕಪ್ಪು ಕಬ್ಬಿಣ ಬೆಳ್ಳಗಾಯಿತು. “ಎಲ್ಲಿ ಒದ್ದಿ ಆಗತೈತೋ ಅಲ್ಲಿ ಬಣ್ಣ ಬದಲಾಗತೈತಿ. ನೋಡ್ತ ಕುಂದ್ರಬೇಕು.”

ಇಬ್ಬರೂ ಕೂತರು, ಟ್ಯಾಂಕಿನ ಆಚೆ ಒಬ್ಬರು, ಈಚೆ ಒಬ್ಬರು. ಬಿಸಿಲು ಏರಿತು; ಮಾರುಕಟ್ಟೆಗೆ ಹೊತ್ತಾಗುತ್ತಿದ್ದರೂ ಕೊಟ್ರೇಶ ಏಳಲಿಲ್ಲ. ಅವಳ ಮೇಲ್ತುಟಿಯ ಮೇಲೆ ಬೆವರಿನ ಸಣ್ಣ ಹನಿಗಳು ಸಾಲಾಗಿ ನಿಂತವು. ಅವನು ಟ್ಯಾಂಕು ನೋಡಬೇಕೆಂದು ಮತ್ತೆ ಮತ್ತೆ ನೆನಪಿಸಿಕೊಂಡ.

“ನಿಲ್ರಿ,” ಎಂದ ಇದ್ದಕ್ಕಿದ್ದಂತೆ. “ಅಲ್ಲಿ.”

“ಎಲ್ಲಿ? ನನಗೇನೂ ಕಾಣವಲ್ದು.”

“ಮುಚ್ಚಳದ ಕೊರಳು ಟ್ಯಾಂಕಿಗೆ ಕೂಡೋ ಕಡೆ. ಬಿಳೀದು ಅಲ್ಲಿ ಹಾಲಿನ ಬಿಳಿ ಇಲ್ಲ, ಗಂಜಿ ಬಿಳಿ ಆಗೇತಿ.”

ಅವಳು ಬಗ್ಗಿ, ಕಣ್ಣು ಕಿರಿದಾಗಿಸಿ ನೋಡಿದಳು. ಇನ್ನೂ ಕಾಣಲಿಲ್ಲ. ಅವನು ಮಾತಾಡದೆ ಅವಳ ತೋರುಬೆರಳನ್ನು ಹಿಡಿದು ಆ ಜಾಗದ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ, ನಿಲ್ಲಿಸಿದ. ಅರ್ಧ ನಿಮಿಷ. ಆಮೇಲೆ ಅವಳ ಬೆರಳಿನ ಕೆಳಗೆ, ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಪೌಡರಿನಲ್ಲಿ ಮೂಡಿ, ನಿಧಾನ ಕೆಳಗಿಳಿಯತೊಡಗಿತು.

“ಯವ್ವಾ!” ಎಂದಳು ಶೈಲಶ್ರೀ ಉಸಿರಿನಲ್ಲಿ. “ಎಂಥಾ ಕಣ್ಣು ನಿಮ್ಮವು!”

ಅವಳು ತಲೆ ಎತ್ತಿದಾಗ ಆ ಕಣ್ಣು ಟ್ಯಾಂಕಿನ ಮೇಲೆ ಇರಲಿಲ್ಲ. ಅವಳ ಬೆರಳು ಇನ್ನೂ ಅವನ ಕೈಯಲ್ಲೇ ಇತ್ತು. ಇಬ್ಬರಿಗೂ ಅದು ಒಟ್ಟಿಗೇ ನೆನಪಾಯಿತು.

“ಸಿಕ್ಕಿತೇನ ತೂತು?” ಹೊಸ್ತಿಲಿನಿಂದ ಗದಿಗೆವ್ವ ಕೂಗಿದಳು.

“ಸಿಕ್ಕಿತಜ್ಜಿ!” ಎಂದರು ಇಬ್ಬರೂ, ಬೇಕಾದದ್ದಕ್ಕಿಂತ ಜೋರಾಗಿ.

ತುಕ್ಕು ತಿಂದ ಬೆಸುಗೆ ಅದು. “ಮತ್ತ ಬೆಸಿಗಿ ಹಾಕಿಸಬಹುದು. ಆದ್ರ ಪೆಟ್ರೋಲ್ ಕುಡದ ಟ್ಯಾಂಕಿಗೆ ಬೆಂಕಿ ಹಚ್ಚೋ ಕೆಲಸ ನಾ ಮಾಡ್ಸಂಗಿಲ್ಲ. ಬ್ಯಾರೆ ಟ್ಯಾಂಕ್ ಹಾಕೂಣು,” ಎಂದಳು. ಅದು ಸಿಗುವುದು ರಾಣೇಬೆನ್ನೂರಿನಲ್ಲಿ. ಮರುದಿನವೇ ಅವಳ ಬೈಕಿನಲ್ಲಿ ಹೋದರು. ಓಡಿಸಿದವಳು ಅವಳು.

ರಾಣೇಬೆನ್ನೂರಿನ ಬಿಡಿಭಾಗದ ಅಂಗಡಿಯವನು ಕೊಟ್ರೇಶನ ಮುಖ ನೋಡಿ ಮಾತಾಡುತ್ತಿದ್ದ. ಅವಳು ಕೇಳಿದ ಪ್ರಶ್ನೆಗೂ ಉತ್ತರ ಇವನಿಗೇ ಹೇಳುತ್ತಿದ್ದ. “ನನಗ ಏನೂ ಗೊತ್ತಿಲ್ರಿ, ನಾ ಹಿಂದ ಕುಂತು ಬಂದಾಂವ. ಮೇಸ್ತ್ರಿ ಅವ್ರು,” ಎಂದ ಕೊಟ್ರೇಶ. ಅವಳು ಟ್ಯಾಂಕಿನೊಳಗೆ ಟಾರ್ಚು ಬಿಟ್ಟು ನೋಡುತ್ತಿದ್ದಳು. ತಲೆ ಎತ್ತಲಿಲ್ಲ, ಆದರೆ ಗಲ್ಲದಲ್ಲಿ ಗುಳಿ ಬಿತ್ತು.

ವಾಪಸ್ಸು ಬರುವಾಗ ಹೊಸ ಟ್ಯಾಂಕು ಅವನ ತೊಡೆಯ ಮೇಲೆ, ಇಬ್ಬರ ನಡುವೆ ಕೂತಿತ್ತು. ಹೆದ್ದಾರಿಯ ಗಾಳಿಯಲ್ಲಿ ಅವಳು ಅರ್ಧ ತಿರುಗಿ ಕೂಗಿ ಹೇಳುತ್ತಿದ್ದಳು.

“ನಾಕ ಮಂದಿ ನೋಡಾಕ ಬಂದಿದ್ರು ನನ್ನ. ನಾಕೂ ಮಂದಿದು ಒಂದ ಮಾತು. ಮದುವಿ ಆದ ಮ್ಯಾಲ ಗ್ಯಾರೇಜ್ ಬಂದ್ ಮಾಡಬೇಕು.”

“ನೀವೇನಂದ್ರಿ?”

“ಚಹಾ ಕುಡದು ಹೋಗ್ರಿ ಅಂದೆ.”

ಅವನು ಜೋರಾಗಿ ನಕ್ಕ. ಆಮೇಲೆ ಹೇಳಬೇಕೆಂದದ್ದು ನಾಲಿಗೆಯ ತುದಿಗೆ ಬಂತು. ‘ಮಾರ್ಕೆಟ್ಟಿನಲ್ಲಿ ದಿನವೂ ಸುಳ್ಳು ಮೂಸುವವನು ನಾನು. ಇವಳಿಗೆ ಏನೆಂದು ಹೇಳಲಿ?’ ಎಂದುಕೊಂಡು ಟ್ಯಾಂಕನ್ನು ಬಿಗಿಯಾಗಿ ಹಿಡಿದುಕೊಂಡ.

ಸಂಜೆಯೊಳಗೆ ಹೊಸ ಟ್ಯಾಂಕು ಕೂತಿತು. ಬಾಯಿತನಕ ತುಂಬಿಸಿ, ಮರುದಿನ ಹೊತ್ತೇರುವವರೆಗೂ ಬಿಸಿಲಲ್ಲಿ ನಿಲ್ಲಿಸಿ ನೋಡಿದಳು. ಪೌಡರು ಹಾಲಿನ ಬಿಳಿಯಾಗಿಯೇ ಉಳಿಯಿತು.

ಗುರುವಾರ ಮಾರುಕಟ್ಟೆಯಲ್ಲಿ ಒಂದು ಘಟನೆ ನಡೆಯಿತು.

ಕದರಮಂಡಲಗಿ ಕಡೆಯ ಮೈಲವ್ವ ಎಂಬ ಹೆಂಗಸು ಐದು ಚೀಲ ತಂದಿದ್ದಳು. ಒಬ್ಬಳೇ ಬೆಳೆದದ್ದು. ಬೇರೆ ಅಂಗಡಿಯ ಖರೀದಿದಾರನೊಬ್ಬ ಒಂದು ಹಿಡಿ ಎತ್ತಿ ಮೂಸಿ, “ಮುಗ್ಗು ವಾಸನಿ ಐತಿ. ಕೊಟ್ರೇಶ, ನೀ ಏನಂತೀ?” ಎಂದ. ಸುತ್ತ ಹತ್ತು ಜನ. ಕೊಟ್ರೇಶ ಕಾಯಿಗಳನ್ನು ಮುಖದ ಹತ್ತಿರ ಒಯ್ದ. ಒಡೆದು ನೋಡಲು ಸಮಯವಿರಲಿಲ್ಲ. ಇಲ್ಲ ಎಂದರೆ ವಾದ, ವಾದವಾದರೆ ಮತ್ತೆ ಮೂಸಬೇಕು.

“ಹೌದು, ಐತಿ,” ಎಂದುಬಿಟ್ಟ.

ಮೈಲವ್ವ ಚೀಲದ ಬಾಯಿಯನ್ನು ಎರಡೂ ಕೈಯಿಂದ ಒಟ್ಟುಮಾಡಿ ಹಿಡಿದುಕೊಂಡು ನಿಂತಳು. ಜನ ಚದುರಿದ ಮೇಲೆ ಕೊಟ್ರೇಶ ಜೇಬಿಗೆ ಹಾಕಿಕೊಂಡ ಕಾಯಿಗಳನ್ನು ಮರೆಯಲ್ಲಿ ಒಡೆದು ನೋಡಿದ. ಹತ್ತಕ್ಕೆ ಹತ್ತೂ ಒಳಗೆ ಬಂಗಾರದಂತೆ ಇದ್ದವು. ಮುಗ್ಗಿನ ಗುರುತೂ ಇರಲಿಲ್ಲ.

ಗ್ಯಾರೇಜಿಗೆ ಬಂದಾಗ ಅವನ ಮುಖ ನೋಡಿ ಶೈಲಶ್ರೀ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟಳು. ಅವನು ಎಲ್ಲ ಹೇಳಿದ.

“ಇನ್ನೂ ಇದ್ದಾಳೇನು ಆಕಿ?”

“ಇರಬೇಕು. ಯಾರೂ ತಗೊಂಡಿಲ್ಲ.”

“ಮತ್ತ ಇಲ್ಲಿ ಯಾಕ ಬಂದೀರಿ?”

“ಹೆಂಗ ಹೇಳ್ಲಿ? ಮೂರ ವರ್ಷದ ಮಾತು…”

“ನಾ ಕಾರ್ಬೊರೇಟರ್ ಅಂದಿದ್ದೆ. ತಪ್ಪಾಗಿತ್ತು. ನಿಮ್ಮ ಮುಂದ ನಿಂತು ಒಪ್ಕೊಂಡೆ. ಸತ್ತೇನೇನು?” ಅವಳ ದನಿಯಲ್ಲಿ ಮೆತ್ತಗಿನದೇನೂ ಇರಲಿಲ್ಲ. ಕಣ್ಣಲ್ಲಿ ಇತ್ತು. “ಆ ಮೂಗು ಹೋದದ್ದು ನಿಮ್ಮ ತಪ್ಪಲ್ಲ. ಇವತ್ತಿಂದು ನಿಮ್ಮ ತಪ್ಪು. ಹೋಗ್ರಿ. ಲಗೂ ಹೋಗ್ರಿ.”

ಶೇಖಪ್ಪ ಸಾವಕಾರರು ಗಾದಿಯ ಮೇಲೆ ಕೂತು ಫೋನಿನಲ್ಲಿದ್ದರು; ಅಂಗಡಿಯ ಒಳಗೂ ಹೊರಗೂ ರೈತರು, ಖರೀದಿದಾರರು ತುಂಬಿದ್ದರು. ಕೊಟ್ರೇಶ ಅವರು ಮುಗಿಸುವವರೆಗೂ ಕಾಯಲಿಲ್ಲ. ಕಾದರೆ ಧೈರ್ಯ ಉಳಿಯುವುದಿಲ್ಲ ಎಂದು ಗೊತ್ತಿತ್ತು.

“ಸಾವ್ಕಾರ್ರ, ನನಗ ಮೂರ ವರ್ಷದಿಂದ ವಾಸನಿ ಬರಂಗಿಲ್ಲ. ಮೈಲವ್ವನ ಮಾಲು ಚೊಕ್ಕ ಐತಿ. ನಾ ಸುಳ್ಳು ಹೇಳೇನಿ.”

ಸಾವಕಾರರು ಫೋನು ಕೆಳಗಿಟ್ಟರು. ಒಡೆದ ಹತ್ತು ಕಾಯಿಗಳನ್ನು ನೋಡಿದರು, ಒಂದನ್ನು ಮೂಸಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎದ್ದು ಹೋಗಿ, ಎಲ್ಲರ ಎದುರು ಮೈಲವ್ವನ ಐದೂ ಚೀಲಗಳನ್ನು ಅವತ್ತಿನ ಒಳ್ಳೆಯ ಧಾರಣೆಗೆ ತಾವೇ ಖರೀದಿಸಿದರು. ವಾಪಸ್ಸು ಬಂದು ಕೊಟ್ರೇಶನಿಗೆ, “ನಾಳಿಂದ ಖರೀದಿಗೆ ಬರಬ್ಯಾಡ. ಗೋದಾಮಿನ್ಯಾಗ ಇರು,” ಎಂದರು. “ನಿನ್ನ ಮೂಗಿಗಲ್ಲ ನನಗ ಸಿಟ್ಟು. ಮೂರ ವರ್ಷ ನನ್ನ ಮುಂದ ನಾಟಕ ಮಾಡಿದೆಲ್ಲ, ಅದಕ್ಕ.”

ಮಧ್ಯಾಹ್ನದೊಳಗೆ ಮಾರುಕಟ್ಟೆಗೆಲ್ಲ ಗೊತ್ತಾಯಿತು.

ಕೊಟ್ರೇಶ ಮೂರು ದಿನ ಗೋದಾಮಿನಲ್ಲಿ ಚೀಲ ಎತ್ತಿದ. ಗ್ಯಾರೇಜಿನ ರಸ್ತೆ ಬಿಟ್ಟು ಸುತ್ತು ಹಾಕಿ ಬರುತ್ತಿದ್ದ. ಹೆಸರೆಲ್ಲ ಹೋದ ಮೇಲೆ ಯಾವ ಮುಖ ಹೊತ್ತು ಅವಳ ಮುಂದೆ ನಿಲ್ಲುವುದು? ಆದರೆ ರಾತ್ರಿ ಗಾಢ ನಿದ್ದೆ ಬರುತ್ತಿತ್ತು. ಅದು ಅವನಿಗೇ ಆಶ್ಚರ್ಯ.

ಸೋಮವಾರ ಮುಂಜಾನೆ ಸಾವಕಾರರು ಗೋದಾಮಿಗೆ ಬಂದರು. ಕೈಯಲ್ಲಿ ನಾಲ್ಕು ಚೀಲದ ಮಾದರಿ. ತೊಟ್ಟು ಬಿಡಿಸುವ ಹೆಂಗಸರಲ್ಲಿ ಹಿರಿಯಳಾದ ಕರೆವ್ವನನ್ನು ಕರೆದರು. “ಬಣ್ಣ ಇಂವ ನೋಡ್ಲಿ. ವಾಸನಿ ನೀ ನೋಡು. ಇಬ್ಬರೂ ಒಂದ ಮಾತು ಅಂದ್ರ ನಾ ಖರೀದಿ ಮಾಡ್ತೇನಿ.” ಕೊಟ್ರೇಶನ ಮುಖ ನೋಡದೆ ಹೊರಟುಹೋದರು. ಕರೆವ್ವ ಕಾಯಿ ಮೂಸಿ, ಹೆಮ್ಮೆಯಿಂದ ಮೂಗು ಉಜ್ಜಿಕೊಂಡಳು.

ಆಗಲೇ ಬಾಗಿಲ ಬೆಳಕಿಗೆ ಅಡ್ಡವಾಗಿ ಯಾರೋ ನಿಂತರು. ನೀಲಿ ಕೋಟು. ಆಳೆತ್ತರ ಕೆಂಪು ರಾಶಿಗಳ ನಡುವೆ ಶೈಲಶ್ರೀ ನಡೆದು ಬಂದಳು. ಬಂದವಳೇ ಒಂದು ಸೀನು, ಇನ್ನೊಂದು ಸೀನು, ಮೂರನೆಯದು. ಸಿಟ್ಟು ತೋರಿಸಲು ಬಂದವಳಿಗೆ ಕಣ್ಣಲ್ಲಿ ನೀರು.

“ನಾಕ ದಿನ ಆತು. ಗಾಡಿ ತೋರಸಾಕ ಬಂದಿಲ್ಲ.”

“ಹೊಸಾ ಟ್ಯಾಂಕ್ ಐತಿ, ಸೋರಂಗಿಲ್ಲ ಅಂದಿದ್ರಲ್ರಿ ನೀವ.”

“ಸೋರಂಗಿಲ್ಲ,” ಎಂದಳು. “ಆದ್ರೂ ಬರಬೇಕು.”

ತೊಟ್ಟು ಬಿಡಿಸುವ ಹತ್ತು ಜೋಡಿ ಕೈಗಳು ನಿಂತವು.

ಕೊಟ್ರೇಶ ದನಿ ತಗ್ಗಿಸಿದ. “ಮಾರ್ಕೆಟ್ಟಿನ್ಯಾಗ ನನ್ನ ಹೆಸರು ಉಳದಿಲ್ರಿ.”

“ನಿನ್ನೆ ಮೈಲವ್ವ ಗ್ಯಾರೇಜಿಗೆ ಬಂದಿದ್ಲು, ನಿಮ್ಮನ್ನ ಹುಡಕ್ಕೊಂಡು. ನೀವು ದಿನಾ ಇಲ್ಲಿ ನಿಂದ್ರತೀರಿ ಅಂತ ಯಾರೋ ಹೇಳಿದ್ರಂತ. ‘ಹತ್ತ ಮಂದಿ ಮುಂದ ಸುಳ್ಳು ಹೇಳಿದಾಂವ ನೂರ ಮಂದಿ ಮುಂದ ಖರೇ ಹೇಳಿದ’ ಅಂದ್ಲು. ನಾ ಆಕಿಗೆ ಚಹಾ ಕುಡಿಸಿ ಕಳಿಸಿದೆ.” ಅವಳು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. “ಈಗ ಹ್ವಾದ ಹೆಸರಿನ ಮಾತು ಬಿಡ್ರಿ. ನನ್ನ ನೋಡಾಕ ಬಂದವರು ಎಲ್ಲಾರೂ ನನ್ನ ಕೈ ನೋಡಿದ್ರು. ಉಗುರಾಗಿನ ಕರಿ ನೋಡಿದ್ರು. ನೀವೂ ಅದನ್ನ ನೋಡ್ತಿದ್ರಿ, ದಿನಾ. ಆದ್ರ ನೀವು ನೋಡೋದು ಬ್ಯಾರೆ ಇತ್ತು. ಏನಂತ ನೋಡ್ತಿದ್ರಿ? ಇವತ್ತ ಹೇಳ್ರಿ.”

ಅವನಿಗೆ ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಅದು ಎಷ್ಟು ಸುಖ ಎಂದು ಅವತ್ತು ತಿಳಿಯಿತು.

“ಈ ಕೈ ಜೋಡಿ ಜೀವನ ಮಾಡಬೇಕು ಅಂತ,” ಎಂದ. “ಗ್ಯಾರೇಜ್ ಬಂದ್ ಮಾಡಂತ ಕೇಳೋದಿಲ್ಲ. ಮುಂಜಾನೆ ಬಾಗಲಾ ತೆಗೆಯಾಕ ನಾನೂ ಬರ್ತೇನಿ. ಕೆಲಸ ಮಾಡುವಾಗ ನಿಮ್ಮನ್ನ ನೋಡಿದ್ರ… ನನಗ ಹೇಳಾಕ ಬರಂಗಿಲ್ರಿ. ಸುಮ್ಮ ನೋಡ್ಕೋತ ಇರಬೇಕು ಅನಸತೈತಿ.”

ಅವಳು ಅವನ ಹತ್ತಿರ ಬಂದಳು. ಗ್ರೀಸು ಮೆತ್ತಿದ ಕೈಯಿಂದ, ಮೆಣಸಿನ ಕೆಂಪು ಹಿಡಿದ ಅವನ ಕೈಯನ್ನು ಹಿಡಿದಳು, ಎಲ್ಲರ ಎದುರು, ಹಗಲು ಬೆಳಕಿನಲ್ಲಿ.

“ನನಗೂ ಅನಸತೈತಿ,” ಎಂದಳು ಮೆಲ್ಲಗೆ. “ಪೌಡರಿನ್ಯಾಗ ಗೆರಿ ಕಂಡ ದಿನದಿಂದ.”

“ಅಯ್ಯ, ಇಬ್ಬರ ಕೈನೂ ತೊಳಕೋರವಾ ಮೊದಲ,” ಎಂದಳು ಕರೆವ್ವ. “ಕಣ್ಣಿಗೆ ಹಚ್ಕೊಂಡೀರಿ ಆಮ್ಯಾಲ.” ಗೋದಾಮು ತುಂಬ ನಗೆ ಹರಡಿತು.

ಶೈಲಶ್ರೀಯೂ ನಕ್ಕಳು, ಆದರೆ ಕೈ ಬಿಡಲಿಲ್ಲ. ಬಾಗಿಲವರೆಗೆ ಅವನನ್ನು ಹಾಗೇ ಕರೆದುಕೊಂಡು ಬಂದಳು. ಹೊರಗಿನ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿ ಅವನ ಕಡೆ ತಿರುಗಿದಳು.

“ಸಂಜೀ ಮುಂದ ಮನಿಗೆ ಬಾ. ಅಜ್ಜಿ ಮುಂದ ನೀನ ಹೇಳು.”

‘ಬರ್ರಿ’ ಅಲ್ಲ, ‘ಬಾ’. ‘ಹೇಳ್ರಿ’ ಅಲ್ಲ, ‘ಹೇಳು’. ಅವಳು ಮುಖ ತಿರುಗಿಸಿಕೊಂಡಳು, ಅಂದದ್ದು ಅವಳಿಗೂ ಕೇಳಿಸಿತ್ತು. ಕಿವಿಯ ತುದಿ ಕೆಂಪಾಗಿತ್ತು. ಕೆಂಪಿನ ಎಷ್ಟೋ ಬಗೆ ಬಲ್ಲ ಕೊಟ್ರೇಶನಿಗೆ ಈ ಕೆಂಪು ಹೊಸದು.

“ಬರ್ತೇನಿ,” ಎಂದ. ಆಮೇಲೆ ಧೈರ್ಯ ಮಾಡಿ, ಮೊದಲ ಸಲ ಅವಳ ಹೆಸರು ಹಿಡಿದು ಹೇಳಿದ.

“ಬರ್ತೇನಿ, ಶೈಲಾ.”